ಕೊಡುವ ಕೈಯನ್ನು ಹಿಡಿದೆಳೆಯಬೇಡಿ

ನಮ್ಮ ಮನೆಯ ತಿಂಗಳ ಖರ್ಚಿನ ಪಟ್ಟಿಯಲ್ಲಿ ಹಾಲು, ಕರೆಂಟು, ಅಮ್ಮನ ಔಷಧಿಯ ಕೆಳಗೆ ‘ದಾನ’ ಎಂದು ಒಂದು ಸಾಲು ಇದೆ. ಸಂಬಳ ಬಂದ ದಿನವೇ ಆ ಮೊತ್ತ ತೆಗೆದಿಡುತ್ತೇವೆ. ಉಳಿದರೆ ಕೊಡೋಣ ಎಂದುಕೊಂಡರೆ ಯಾವ ತಿಂಗಳೂ ಉಳಿಯುವುದಿಲ್ಲ. ಕೊಡಲು ಮನಸ್ಸಿದೆ, ಹಣವೂ ಇದೆ. ಆದರೂ ಕೆಲವು ಸಂಸ್ಥೆಗಳು ಕೇಳುವ ರೀತಿ ನೋಡಿದರೆ ಕೊಡುವ ಮನಸ್ಸೇ ಮುದುಡುತ್ತದೆ.

ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ತರಕಾರಿ ತೆಗೆದುಕೊಂಡು ಬರುವಾಗ, ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡ ಹುಡುಗಿಯೊಬ್ಬಳು “ಮೇಡಂ, ಎರಡೇ ನಿಮಿಷ” ಎಂದು ನಿಲ್ಲಿಸಿದಳು. ಮಕ್ಕಳ ಅಪೌಷ್ಟಿಕತೆಯ ಬಗ್ಗೆ ಚೆನ್ನಾಗಿಯೇ ವಿವರಿಸಿದಳು. “ಐನೂರು ರೂಪಾಯಿ ಹಾಕ್ತೀನಿ, ಕ್ಯೂಆರ್ ಕೋಡ್ ತೋರಿಸಮ್ಮ” ಅಂದೆ. ಒಂದು ಸಲದ ದಾನ ತೆಗೆದುಕೊಳ್ಳುವುದಿಲ್ಲವಂತೆ. ತಿಂಗಳು ತಿಂಗಳು ಖಾತೆಯಿಂದ ಕಡಿತವಾಗುವಂತೆ ಅಲ್ಲೇ ಫುಟ್‌ಪಾತಿನ ಮೇಲೆ ಬ್ಯಾಂಕಿನ ವಿವರ ಕೊಟ್ಟು, ಟ್ಯಾಬಿನಲ್ಲಿ ಸಹಿ ಹಾಕಬೇಕಂತೆ. ಮನೆಗೆ ಹೋಗಿ ಯೋಚಿಸುತ್ತೇನೆ ಎಂದಾಗ ಅವಳ ಮುಖ ಬಾಡಿತು. ವಿಚಾರಿಸಿದರೆ ಅವಳು ಆ ಸಂಸ್ಥೆಯವಳೇ ಅಲ್ಲ, ದಾನಿಗಳನ್ನು ಹುಡುಕಿಕೊಡುವ ಏಜೆನ್ಸಿಯ ಉದ್ಯೋಗಿ. ದಿನಕ್ಕೆ ಇಷ್ಟು ಸಹಿ ಎಂಬ ಟಾರ್ಗೆಟ್ ಬೇರೆ. ಬಿಸಿಲಲ್ಲಿ ನಿಂತ ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳನ್ನು ಹಾಗೆ ನಿಲ್ಲಿಸಿದವರ ಮೇಲೆ ಇದೆ.

ತಿಂಗಳ ದಾನದಿಂದ ಸಂಸ್ಥೆಗೆ ಅನುಕೂಲವಿದೆ, ಅದನ್ನು ಒಪ್ಪುತ್ತೇನೆ. ಖಚಿತವಾಗಿ ಹಣ ಬರುತ್ತದೆಂದು ಗೊತ್ತಿದ್ದರೆ ತಾನೇ ಶಿಕ್ಷಕರನ್ನೋ ನರ್ಸನ್ನೋ ನೇಮಿಸಲು ಧೈರ್ಯ ಬರುವುದು? ಆದರೆ ತಿಂಗಳಿಗೆ 1,000 ರೂಪಾಯಿ ಎಂದರೆ ಐದು ವರ್ಷಕ್ಕೆ 60,000. ಅಷ್ಟು ಬೆಲೆಯ ಫ್ರಿಜ್ ಕೊಳ್ಳುವ ಮುಂಚೆ ಮನೆಯಲ್ಲಿ ವಾರಗಟ್ಟಲೆ ಮಾತಾಗುತ್ತದೆ. ಇದನ್ನು ಮಾತ್ರ ರಸ್ತೆಯಲ್ಲಿ ಎರಡು ನಿಮಿಷದಲ್ಲಿ ಮುಗಿಸಬೇಕೆಂದರೆ ಹೇಗೆ? ಈಗಾಗಲೇ ಸಹಿ ಹಾಕಿದವರಿಗೆ ಒಂದು ಮಾತು: ಕಡಿತ ನಿಲ್ಲಿಸಲು ಸಂಸ್ಥೆಯ ಅಪ್ಪಣೆ ಬೇಕಿಲ್ಲ. ಯುಪಿಐ ಆಟೋಪೇ ಆಗಿದ್ದರೆ ನಿಮ್ಮ ಆ್ಯಪಿನಲ್ಲೇ ರದ್ದು ಮಾಡಬಹುದು, ಖಾತೆಯಿಂದ ನೇರ ಕಡಿತಕ್ಕೆ ಒಪ್ಪಿಗೆ (ಮ್ಯಾಂಡೇಟ್) ಕೊಟ್ಟಿದ್ದರೆ ಬ್ಯಾಂಕಿಗೆ ಹೇಳಬೇಕು. ಕಾರ್ಡು ಮತ್ತು ಯುಪಿಐ ಕಡಿತಕ್ಕೆ 24 ಗಂಟೆ ಮೊದಲೇ ಸಂದೇಶ ಬರಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆ ಸಂದೇಶವನ್ನು ಓದದೆ ಅಳಿಸಬೇಡಿ.

ಇದಕ್ಕಿಂತ ನೋಯಿಸುವುದು ಕೊಟ್ಟ ಮೇಲೆ ಆಗುವುದು. ಮಕ್ಕಳ ಓದಿಗೆಂದು ಒಂದು ಸಂಸ್ಥೆಗೆ ನಾವು ತಿಂಗಳು ತಿಂಗಳು ಕೊಡುತ್ತಿದ್ದೆವು. ಯುಗಾದಿಗೆ ಫೋನು, ಗಣೇಶನ ಹಬ್ಬಕ್ಕೆ ಫೋನು, ಮಾರ್ಚ್ ತಿಂಗಳಲ್ಲಂತೂ ಬಿಡುವಿಲ್ಲ. “ಸಾವಿರವನ್ನು ಒಂದೂವರೆ ಸಾವಿರ ಮಾಡಿ ಮೇಡಂ.” ಮಾಡೋಣ, ಹೋದ ವರ್ಷದ ಹಣದಿಂದ ಏನಾಯಿತು ಹೇಳಿ ಎಂದರೆ ಆ ಕಡೆಯಿಂದ ಉತ್ತರವಿಲ್ಲ. ಮೇಲ್ ಕಳಿಸುತ್ತೇವೆ ಎಂದರು. ಬಂದ ಮೇಲ್ ತೆರೆದರೆ ಇನ್ನೊಂದು ಮನವಿ. ಓದಿದ ಮಗು ಯಾವ ತರಗತಿಗೆ ಬಂತು, ಶಾಲೆ ಬಿಟ್ಟಿತೋ ಉಳಿಯಿತೋ, ಒಂದು ಸಾಲಿನ ಸುದ್ದಿ ಸಾಕಿತ್ತು ನನಗೆ.

“ಟ್ಯಾಕ್ಸ್ ಉಳಿಯುತ್ತೆ” ಎಂಬ ಆಸೆಯನ್ನೂ ತೋರಿಸುತ್ತಾರೆ. ಹೊಸ ತೆರಿಗೆ ಪದ್ಧತಿಯಲ್ಲಿರುವ ಸಂಬಳದಾರರಿಗೆ ದಾನದ ಮೇಲೆ ತೆರಿಗೆ ರಿಯಾಯಿತಿಯೇ ಇಲ್ಲ. ಹಳೆಯ ಪದ್ಧತಿಯಲ್ಲೂ ಹೆಚ್ಚಿನ ಸಂಸ್ಥೆಗಳಿಗೆ ಕೊಟ್ಟದ್ದರಲ್ಲಿ ಅರ್ಧಕ್ಕೆ ಮಾತ್ರ ಸಿಗುತ್ತದೆ, ಅದಕ್ಕೂ ಆದಾಯದ ಮಿತಿಯಿದೆ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಫೋನು ಮಾಡಿದವರಲ್ಲಿ ಒಬ್ಬರೂ ನನಗೆ ಇದನ್ನು ತಾವಾಗಿ ಹೇಳಿಲ್ಲ.

ಇನ್ನು ಯೂಟ್ಯೂಬ್ ತೆರೆದರೆ ಮೂಗಿಗೆ ನಳಿಕೆ ಹಾಕಿದ ಮಗು, ಪಕ್ಕದಲ್ಲಿ ಅಳುವ ತಾಯಿ, “ಎರಡೇ ದಿನ ಉಳಿದಿದೆ” ಎಂಬ ದನಿ. ಆ ಕಷ್ಟ ನಿಜವಿರಬಹುದು. ನಿಜವಾದರೆ, ಆ ಮಗುವಿನ ಮುಖವನ್ನು ಊರಿಗೆಲ್ಲ ತೋರಿಸುವುದು ಇನ್ನೂ ದೊಡ್ಡ ತಪ್ಪು. ಗುಣವಾಗಿ ಬೆಳೆದು ಶಾಲೆಗೆ ಹೋದಾಗ ಆ ವಿಡಿಯೋ ಅದರ ಬೆನ್ನು ಬಿಡುತ್ತದೆಯೇ? ಕಂಗೆಟ್ಟ ತಾಯಿಯಿಂದ ಪಡೆದ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಇಂಥ ವಿಡಿಯೋ ಹಾಕಿ ಹಣ ಸಂಗ್ರಹಿಸುವ ಆನ್ಲೈನ್ ವೇದಿಕೆಗೆ ಹೋದರೆ, ಹಲವು ಕಡೆ ಅದನ್ನು ನಡೆಸುವವರಿಗೆಂದು ‘ಟಿಪ್’ ಮೊದಲೇ ಸೇರಿಕೊಂಡಿರುತ್ತದೆ. ಅದನ್ನು ಸೊನ್ನೆ ಮಾಡುವ ಜಾಗ ಹುಡುಕಬೇಕು. ಆನ್‌ಲೈನಿನಲ್ಲಿ ಏನಾದರೂ ಕೊಳ್ಳುವಾಗ ಗ್ರಾಹಕರನ್ನು ಕೇಳದೆ ದೇಣಿಗೆಯನ್ನು ಬಿಲ್ಲಿಗೆ ಸೇರಿಸುವುದು ತಪ್ಪೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನ ಮಾರ್ಗಸೂಚಿಯಲ್ಲೇ ಹೇಳಿದೆ. ಇದೆಲ್ಲ ಬೇಡವೆಂದು, ಚಿಕಿತ್ಸೆಗೆ ಕೊಡುವಾಗ ನಾವೀಗ ಆಸ್ಪತ್ರೆಗೆ ಫೋನು ಮಾಡಿ, ರೋಗಿಯ ಬಿಲ್ಲಿನ ಖಾತೆಗೇ ಕಟ್ಟುತ್ತೇವೆ.

ಕೇಳುವುದರಲ್ಲಿ ಅವಮಾನವೇನೂ ಇಲ್ಲ. ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿಯವರು ಹಳ್ಳಿಹಳ್ಳಿ ತಿರುಗಿ ದವಸ ಕೇಳಿದರು, ಸಾವಿರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟರು. ರಾಗಿ ಕೊಟ್ಟ ರೈತ ಮಠಕ್ಕೆ ಹೋದರೆ ಆ ಮಕ್ಕಳ ದಾಸೋಹವನ್ನು ಕಣ್ಣಾರೆ ಕಾಣಬಹುದಿತ್ತು, ತಾನೂ ಕೂತು ಉಣ್ಣಬಹುದಿತ್ತು. ತನ್ನ ರಾಗಿ ಎಲ್ಲಿಗೆ ಹೋಯಿತೆಂದು ಯಾರ ಹಿಂದೆಯೂ ಬೀಳಬೇಕಿರಲಿಲ್ಲ.

ಈ ಏಪ್ರಿಲ್‌ನಲ್ಲಿ ನಾವು ಕೊಡುವ ಸಂಸ್ಥೆಗಳಿಗೆಲ್ಲ ಪತ್ರ ಬರೆದೆ. ಫೋನು ಮಾಡಬೇಡಿ, ವರ್ಷಕ್ಕೊಮ್ಮೆ ಖರ್ಚಿನ ಲೆಕ್ಕ ಕಳಿಸಿ, ಕಚೇರಿ ಬಾಡಿಗೆ, ಸಿಬ್ಬಂದಿ ಸಂಬಳವನ್ನೂ ಮುಚ್ಚಿಡದೆ ಬರೆಯಿರಿ ಎಂದು ಕೇಳಿದೆ. ಕೆಲಸ ಮಾಡುವವರಿಗೆ ಸಂಬಳ ಕೊಟ್ಟರೆ ನನ್ನ ತಕರಾರಿಲ್ಲ. ಉತ್ತರ ಕರ್ನಾಟಕದ ಒಂದು ಸಣ್ಣ ವಸತಿಶಾಲೆಯವರು ಕನ್ನಡದಲ್ಲೇ ಎರಡು ಪುಟದ ಲೆಕ್ಕ ಕಳಿಸಿದರು. ಹಣ ಸಾಲದೆ ಊಟದ ಮನೆಯ ಛಾವಣಿ ಅರ್ಧಕ್ಕೆ ನಿಂತಿದೆ ಎಂದೂ ಅದರಲ್ಲಿ ಬರೆದಿದ್ದರು. ಮಕ್ಕಳ ಓದಿಗೆ ಹಣ ಪಡೆಯುತ್ತಿದ್ದ ಸಂಸ್ಥೆಯಿಂದ ಮತ್ತೆ ಫೋನು ಬಂತು, ಮೊತ್ತ ಹೆಚ್ಚಿಸುತ್ತೀರಾ ಎಂದು. ಅವರ ಮ್ಯಾಂಡೇಟ್ ರದ್ದು ಮಾಡಿದ್ದೇನೆ. ಮುಂದಿನ ತಿಂಗಳಿಂದ ಆ ಹಣ ಛಾವಣಿಗೆ ಹೋಗುತ್ತದೆ.