ಹೊಸ ಹಚ್ಚೆ ಎಂದರೆ ಹಸಿ ಗಾಯ

(ಸಂಘದ ಸಭೆಯಲ್ಲಿ ಒಬ್ಬರು ಓದಿ, ಎಲ್ಲರೂ ಚರ್ಚಿಸಲು)



ನಮ್ಮಲ್ಲಿ ಹಲವರ ಕೈ ಮೇಲೆ, ಇಲ್ಲವೇ ನಮ್ಮ ಅಜ್ಜಿಯರ ಕೈ ಮೇಲೆ ಹಚ್ಚೆ ಇರುವುದನ್ನು ನೋಡಿದ್ದೇವೆ. "ಸತ್ತಾಗ ಒಡವೆ ಬಿಚ್ಕೊಳ್ತಾರೆ, ಹಚ್ಚೆ ಮಾತ್ರ ಜೊತೆಗೆ ಬರ್ತದೆ" ಎಂದು ಹಿರಿಯರು ಹೇಳುತ್ತಿದ್ದರು. ಆಗ ಹಚ್ಚೆ ಹಾಕುವ ಹೆಂಗಸರು ಊರೂರಿಗೆ ಬಂದು, ದೀಪದ ಮಸಿಗೆ ಸೊಪ್ಪಿನ ರಸ ಕಲಸಿ ಸೂಜಿಯಿಂದ ಚುಚ್ಚುತ್ತಿದ್ದರು. ಈಗ ಅದೇ ಹಚ್ಚೆ 'ಟ್ಯಾಟೂ' ಎಂಬ ಹೆಸರಿನಲ್ಲಿ ಜಾತ್ರೆಗೂ ಪೇಟೆಯ ಅಂಗಡಿಗೂ ಬಂದಿದೆ. ನಮ್ಮ ಮಕ್ಕಳು ಹಾಕಿಸಿಕೊಳ್ಳುತ್ತಿದ್ದಾರೆ. ಅದು ಸರಿಯೋ ತಪ್ಪೋ ಎಂಬುದು ಈ ತಿಂಗಳ ಪಾಠವಲ್ಲ. ಹಾಕಿಸಿಕೊಂಡ ಮೇಲೆ ಗಾಯ ಮಾಯುವ ತನಕ ಏನು ಮಾಡಬೇಕು ಎಂಬುದೇ ಪಾಠ.

ನಡೆದ ಒಂದು ಸಂಗತಿ

ನಮ್ಮ ಒಂದು ಸಂಘದ ಸದಸ್ಯೆಯ ಮಗಳು ಪಿಯುಸಿ ಓದುತ್ತಿದ್ದಳು. ಜಾತ್ರೆಯಲ್ಲಿ ಗೆಳತಿಯರ ಜೊತೆ ಹೋಗಿ ತೋಳಿನ ಮೇಲೆ 'ಅವ್ವ' ಎಂದು ಹಚ್ಚೆ ಹಾಕಿಸಿಕೊಂಡಳು. ಅವ್ವ ಬೈಯುತ್ತಾಳೆ ಎಂಬ ಹೆದರಿಕೆಯಿಂದ ಐದು ದಿನ ಉದ್ದ ತೋಳಿನ ಬಿಗಿ ಅಂಗಿ ಹಾಕಿ ಮುಚ್ಚಿಟ್ಟಳು. ತೊಳೆಯಲಿಲ್ಲ, ಯಾರಿಗೂ ತೋರಿಸಲಿಲ್ಲ. ಆರನೇ ದಿನ ಜ್ವರ ಬಂತು. ಅಂಗಿ ತೆಗೆದು ನೋಡಿದರೆ ತೋಳು ಊದಿ ಕೀವು ಕಟ್ಟಿತ್ತು. ಮನೆಯಲ್ಲಿ ಅರಿಶಿನ, ಹರಳೆಣ್ಣೆ ಬಳಿದರು. ಮತ್ತೆರಡು ದಿನ ಕಳೆಯಿತು. ಕೊನೆಗೆ ಆಸ್ಪತ್ರೆಗೆ ಸೇರಿಸಬೇಕಾಯಿತು. ತಾಯಿ ಸಂಘದಿಂದ ತುರ್ತು ಸಾಲ ಪಡೆದರು.

ಹುಡುಗಿ ಗುಣವಾದಳು. ಸಾಲದ ಕಂತು ಕಟ್ಟಲು ಬಂದ ದಿನ ಆ ತಾಯಿ ಸಭೆಯಲ್ಲಿ ಹೇಳಿದ ಮಾತು ನಮಗೆಲ್ಲ ಪಾಠ: "ನಾನು ಬೈತೀನಿ ಅಂತ ಗೊತ್ತಿದ್ದಕ್ಕೇ ಮುಚ್ಚಿಟ್ಳು. ಮೊದಲ್ನೇ ದಿನವೇ ತೋರ್ಸಿದ್ರೆ ಸೋಪು ನೀರಲ್ಲೇ ಮುಗೀತಿತ್ತು."

ಹಚ್ಚೆ ಗಾಯ ಹೇಗಾಗುತ್ತದೆ?

ನಮ್ಮ ಚರ್ಮಕ್ಕೆ ಪದರಗಳಿವೆ. ಮೇಲಿನ ಪದರ ದಿನವೂ ಸವೆದು ಉದುರಿ ಹೊಸದಾಗುತ್ತದೆ. ಆದ್ದರಿಂದ ಬಣ್ಣ ಅಳಿಯದೆ ನಿಲ್ಲಬೇಕಾದರೆ ಸೂಜಿ ಅದನ್ನು ದಾಟಿ ಎರಡನೆಯ ಪದರಕ್ಕೆ ಇಳಿಯಬೇಕು. ಒಂದು ಸಣ್ಣ ಹಚ್ಚೆಯೆಂದರೂ ನೂರಾರು ಚುಚ್ಚು. ಅಷ್ಟೂ ಚುಚ್ಚು ರೋಗಾಣುಗಳಿಗೆ ತೆರೆದ ಬಾಗಿಲು. ಮೇಲಿನ ಚರ್ಮ ಕೂಡಿಕೊಳ್ಳಲು ಸಾಮಾನ್ಯವಾಗಿ 2ರಿಂದ 3 ವಾರ ಬೇಕು. ಒಳಗೆ ಪೂರ್ತಿ ಮಾಯಲು ಕೆಲವು ತಿಂಗಳು ಹಿಡಿಯುತ್ತದೆ.

ದಿನದಿನದ ಆರೈಕೆ

1. ಮೊದಲ ದಿನ: ಹಾಕಿದವರು ಕಟ್ಟಿದ ಪಟ್ಟಿಯನ್ನು ಎಷ್ಟು ಹೊತ್ತಿಗೆ ತೆಗೆಯಬೇಕು ಎಂದು ಕೇಳಿಕೊಂಡೇ ಬನ್ನಿ. ಸಾದಾ ಪ್ಲಾಸ್ಟಿಕ್ ಸುತ್ತಿದ್ದರೆ ಅದನ್ನು ದಿನಗಟ್ಟಲೆ ಬಿಡಬಾರದು. ಒಳಗೆ ಬೆವರು ನಿಂತು ಗಾಯ ಕೊಳೆಯುತ್ತದೆ.

2. ತೊಳೆಯುವುದು: ಮೊದಲು ನಿಮ್ಮ ಕೈ ಸೋಪಿನಿಂದ ಚೆನ್ನಾಗಿ ತೊಳೆದುಕೊಳ್ಳಿ. ಆಮೇಲೆ ಹಚ್ಚೆಯನ್ನು ದಿನಕ್ಕೆ ಎರಡು ಸಲ ಉಗುರುಬೆಚ್ಚಗಿನ ಶುದ್ಧ ನೀರು, ವಾಸನೆಯಿಲ್ಲದ ಮೃದುವಾದ ಸೋಪಿನಿಂದ ಬೆರಳಲ್ಲಿ ಮೆಲ್ಲಗೆ ತೊಳೆಯಿರಿ. ನೀರಿನ ಮೇಲೆ ಅನುಮಾನವಿದ್ದರೆ ಕುದಿಸಿ ಆರಿಸಿ ಬಳಸಿ. ಬಟ್ಟೆ ಸೋಪು, ಉಜ್ಜುವ ನಾರು ಬೇಡ.

3. ಒರೆಸುವುದು: ಸೆರಗಿನಿಂದ ಒರೆಸಬೇಡಿ. ಒಗೆದು ಬಿಸಿಲಲ್ಲಿ ಒಣಗಿಸಿದ ಹತ್ತಿ ಬಟ್ಟೆಯಿಂದ ಒತ್ತಿ ನೀರು ಹೀರಿಸಿ, ಉಜ್ಜಬೇಡಿ.

4. ಕ್ರೀಮು: ಹಾಕಿದವರು ಅಥವಾ ವೈದ್ಯರು ಹೇಳಿದ, ವಾಸನೆಯಿಲ್ಲದ ಸಾದಾ ಕ್ರೀಮನ್ನು ತೆಳ್ಳಗೆ ಸವರಿ. ದಪ್ಪಗೆ ಮೆತ್ತಬೇಡಿ.

5. ಬಟ್ಟೆ: ಸಡಿಲವಾದ ಹತ್ತಿ ಬಟ್ಟೆ ಹಾಕಿ. ಹಚ್ಚೆಯ ಮೇಲೆ ಬಳೆ, ವಾಚು, ರವಿಕೆಯ ಬಿಗಿ ತೋಳು ಉಜ್ಜದಂತೆ ನೋಡಿಕೊಳ್ಳಿ.

6. ನವೆ: ನಾಲ್ಕೈದು ದಿನ ಕಳೆದ ಮೇಲೆ ನವೆ ಬರುತ್ತದೆ, ಸಿಪ್ಪೆ ಏಳುತ್ತದೆ. ಕೆರೆಯಬೇಡಿ, ಹಕ್ಕಳೆ ಕೀಳಬೇಡಿ. ಕಿತ್ತರೆ ಬಣ್ಣವೂ ಹೋಗುತ್ತದೆ, ಗಾಯವೂ ಮತ್ತೆ ಹಸಿಯಾಗುತ್ತದೆ.

ಮಾಡಬಾರದ್ದು

ಅರಿಶಿನ, ಬೂದಿ, ಸುಣ್ಣ, ಕಾಫಿಪುಡಿ, ಟೂತ್‌ಪೇಸ್ಟ್, ಸಗಣಿ — ಯಾವುದನ್ನೂ ಹಸಿ ಹಚ್ಚೆಗೆ ಹಚ್ಚಬೇಡಿ. "ಅರಿಶಿನ ಒಳ್ಳೇದಲ್ವಾ?" ಎಂದು ನೀವು ಕೇಳಬಹುದು. ಸಾರಿಗೆ ಒಳ್ಳೆಯದು. ಆದರೆ ಡಬ್ಬಿಯ ಅರಿಶಿನದಲ್ಲಿ ಧೂಳು, ಕಲಬೆರಕೆ ಬಣ್ಣ, ರೋಗಾಣು ಇರಬಹುದು. ಅದರ ಹಳದಿ ಬಣ್ಣ ಗಾಯದ ಕೆಂಪನ್ನು ಮರೆಮಾಡುತ್ತದೆ. ಗಾಯ ಕೆಡುತ್ತಿರುವುದು ಕಣ್ಣಿಗೆ ಬೀಳುವುದಿಲ್ಲ.

ಔಷಧಿ ಅಂಗಡಿಯಲ್ಲಿ ಕೇಳಿ ತಂದ ತುರಿಕೆ ಮುಲಾಮು ಬೇಡ. ಅಂಥ ಹಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದು ನವೆ ತಗ್ಗಿಸಿದರೂ ಗಾಯ ಮಾಯುವುದನ್ನು ತಡಮಾಡುತ್ತದೆ, ಸೋಂಕು ಬೆಳೆಯಲು ಬಿಡುತ್ತದೆ.

2ರಿಂದ 3 ವಾರ ಕೆರೆ, ಹೊಳೆಯಲ್ಲಿ ಮುಳುಗಿ ಸ್ನಾನ ಮಾಡಬೇಡಿ. ಮೈ ಮೇಲೆ ಶುದ್ಧ ನೀರು ಹೊಯ್ದುಕೊಳ್ಳಬಹುದು. ನಾಟಿ ಗದ್ದೆಯ ಕೆಸರು, ಕೊಟ್ಟಿಗೆಯ ಸಗಣಿ, ಸಿಮೆಂಟು, ಗೊಬ್ಬರ ತಾಗದಿರಲಿ. "ಕೂಲಿ ಬಿಟ್ಟು ಕೂರೋಕಾಗ್ತದಾ?" ಎನ್ನುವುದು ನಿಜ. ಹಾಗಾಗಿ ಹಾಕಿಸಿಕೊಳ್ಳಲೇಬೇಕೆಂದರೆ ಕೆಲಸ ಕಡಿಮೆಯಿರುವ ಕಾಲ ನೋಡಿ. ತುರ್ತು ಕೆಲಸವಿದ್ದರೆ ಶುಭ್ರ ಬಟ್ಟೆ ಸಡಿಲವಾಗಿ ಸುತ್ತಿ, ಕೆಲಸ ಮುಗಿದ ಕೂಡಲೇ ತೊಳೆಯಿರಿ. ಸುಡುಬಿಸಿಲಿಗೂ ಒಡ್ಡಬೇಡಿ.

ಯಾವುದು ಸಹಜ, ಯಾವುದು ಅಪಾಯ?

ಮೊದಲ ಎರಡು ಮೂರು ದಿನ ಸ್ವಲ್ಪ ಕೆಂಪು, ಊತ, ಉರಿ, ತಿಳಿನೀರಿನೊಂದಿಗೆ ಬಣ್ಣ ಒಸರುವುದು ಸಹಜ. ಇವು ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಹೆಚ್ಚಾಗುತ್ತಿದ್ದರೆ ಅದು ಎಚ್ಚರಿಕೆ.

ಕೆಂಪು ಸುತ್ತಲೂ ಹರಡುವುದು, ಮುಟ್ಟಿದರೆ ಬಿಸಿ, ನೋವು ಏರುವುದು, ಕೀವು, ದುರ್ವಾಸನೆ, ಜ್ವರ, ಚಳಿ, ಗಾಯದಿಂದ ಕೆಂಪು ಗೆರೆ ಮೇಲಕ್ಕೆ ಹೋಗುವುದು, ಕಂಕುಳಲ್ಲಿ ಗೆಡ್ಡೆ ಕಟ್ಟುವುದು — ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಮುಖ ಊದಿದರೆ, ಉಸಿರು ಕಟ್ಟಿದರೆ ಒಂದು ನಿಮಿಷವೂ ಕಾಯಬೇಡಿ. 108ಕ್ಕೆ ಕರೆ ಮಾಡಿ.

ಸಕ್ಕರೆ ಕಾಯಿಲೆ ಇರುವವರಿಗೆ ಗಾಯ ಬೇಗ ಮಾಯುವುದಿಲ್ಲ. ಅವರು ವೈದ್ಯರನ್ನು ಕೇಳದೆ ಹಚ್ಚೆ ಹಾಕಿಸಿಕೊಳ್ಳಬಾರದು. ಗರ್ಭಿಣಿಯರು ಹೆರಿಗೆಯಾಗುವ ತನಕ ಮುಂದೂಡುವುದು ಒಳ್ಳೆಯದು.

ಸೂಜಿಯ ವಿಷಯ

ಆರೈಕೆ ಎಷ್ಟೇ ಚೆನ್ನಾಗಿ ಮಾಡಿದರೂ ಸೂಜಿ ಕೊಳಕಾಗಿದ್ದರೆ ಪ್ರಯೋಜನವಿಲ್ಲ. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಹರಡಬಹುದು. ಬಟ್ಟೆಯಲ್ಲಿ ಒರೆಸಿದರೆ, ನೀರಲ್ಲಿ ಅದ್ದಿದರೆ ಇವು ಹೋಗುವುದಿಲ್ಲ. ಬಣ್ಣದ ಬಟ್ಟಲೂ ಪ್ರತಿಯೊಬ್ಬರಿಗೆ ಬೇರೆಯಾಗಿರಬೇಕು. ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರಿಗೇ ಒಡೆಯಲು ಹೇಳಿ. ಕೇಳಲು ನಾಚಿಕೆ ಬೇಡ. ಒಪ್ಪದಿದ್ದರೆ ಎದ್ದು ಬನ್ನಿ.

ಬಳಸಿದ ಸೂಜಿ ಚುಚ್ಚಿದೆ ಎಂಬ ಅನುಮಾನವಿದ್ದರೆ ಸುಮ್ಮನಿರಬೇಡಿ. ಆದಷ್ಟು ಬೇಗ, 72 ಗಂಟೆ ಕಳೆಯುವುದರೊಳಗೆ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ತಿಳಿಸಿ. ಎಚ್‌ಐವಿ ತಡೆಯುವ ಔಷಧಿ ಬೇಕೇ ಎಂದು ಅವರು ನಿರ್ಧರಿಸುತ್ತಾರೆ. ಆ ಅವಧಿ ಮೀರಿದರೆ ಆ ಔಷಧಿಯಿಂದ ಪ್ರಯೋಜನವಾಗದು. ಧನುರ್ವಾಯು ಇಂಜೆಕ್ಷನ್ ಬಗ್ಗೆಯೂ ಕೇಳಿ. ಸರ್ಕಾರದ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ವಿಷಯ ಗುಟ್ಟಾಗಿರುತ್ತದೆ. ಇದೇ ಕಾರಣಕ್ಕೆ ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ರಕ್ತದಾನ ಮಾಡುವಂತಿಲ್ಲ.

ತಾಯಂದಿರಿಗೆ ಒಂದು ಮಾತು

ಮಗಳೋ ಮಗನೋ ಹಚ್ಚೆ ಹಾಕಿಸಿಕೊಂಡು ಬಂದರೆ ಕೋಪ ಬರುವುದು ಸಹಜ. ಆದರೆ ಬೈಯುವ ಮೊದಲು ತೋಳು ನೋಡೋಣ. "ತೋರ್ಸು, ಎಲ್ಲಿ ಹಾಕಿಸ್ಕೊಂಡೆ? ಸೂಜಿ ಹೊಸದಾ? ಬಾ, ತೊಳೆಯೋಣ" ಎಂದು ಕೇಳೋಣ. ಬುದ್ಧಿ ಹೇಳಲು ಗಾಯ ಮಾಯ್ದ ಮೇಲೂ ಸಮಯವಿದೆ. ಕೀವಿಗೆ ಮಾತ್ರ ಸಮಯ ಕೊಡಬಾರದು.

ಚರ್ಚೆಗೆ ಪ್ರಶ್ನೆಗಳು

1. ಬೈಗುಳಕ್ಕೆ ಹೆದರಿ ನಮ್ಮ ಮಕ್ಕಳು ಮುಚ್ಚಿಡುವ ಬೇರೆ ಸಂಗತಿಗಳು ಯಾವುವು?

2. ಗಾಯಕ್ಕೆ ನಮ್ಮ ಮನೆಗಳಲ್ಲಿ ಏನೇನು ಹಚ್ಚುತ್ತೇವೆ? ಅದರಲ್ಲಿ ಯಾವುದನ್ನು ಬಿಡಬೇಕು?

3. ಊರ ಜಾತ್ರೆಗೆ ಮೊದಲು ಆಶಾ ಕಾರ್ಯಕರ್ತೆಯನ್ನು ಸಭೆಗೆ ಕರೆದು ಸೂಜಿಯ ವಿಷಯ ಎಲ್ಲರಿಗೂ ತಿಳಿಸಬಹುದೇ? ಯಾರು ಕರೆಯುತ್ತೀರಿ?

ಚರ್ಚೆಯ ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಮನೆಗೆ ಹೋಗಿ ಮಕ್ಕಳಿಗೂ ಈ ಪಾಠ ಓದಿ ಹೇಳಿ.