ಇಳಿಯುವ ಮುನ್ನವೇ ಗೇರು

*ಇಂದಿನ ಧಮ್ಮ ಚಿಂತನೆ*





ಆರ್ಯ ಅಷ್ಟಾಂಗ ಮಾರ್ಗದ ಆರನೆಯ ಅಂಗ ಸಮ್ಮಾ ವಾಯಾಮ, ಅಂದರೆ ಸರಿಯಾದ ಪ್ರಯತ್ನ. ಇದು ನಾಲ್ಕು ಬಗೆ:

1. *ಸಂವರ* – ಇನ್ನೂ ಹುಟ್ಟದ ಕೆಡುಕು ಹುಟ್ಟದಂತೆ ನೋಡಿಕೊಳ್ಳುವುದು
2. *ಪಹಾನ* – ಹುಟ್ಟಿದ ಕೆಡುಕನ್ನು ಬಿಡುವುದು
3. *ಭಾವನಾ* – ಇನ್ನೂ ಹುಟ್ಟದ ಒಳಿತನ್ನು ಬೆಳೆಸುವುದು
4. *ಅನುರಕ್ಖಣಾ* – ಹುಟ್ಟಿದ ಒಳಿತನ್ನು ಕಾಪಾಡುವುದು

ಅಂಗುತ್ತರ ನಿಕಾಯದ ನಾಲ್ಕರ ನಿಪಾತದಲ್ಲಿ ಇವು ಬರುತ್ತವೆ. ನಮ್ಮ ಓದಿನಲ್ಲಿ ಒಬ್ಬರು ಕೇಳಿದ್ದರು: "ಮೊದಲ ಎರಡಕ್ಕೆ ಏನು ವ್ಯತ್ಯಾಸ? ಎರಡೂ ತಡೆಯುವುದೇ ಅಲ್ಲವೇ?" ನನಗೆ ಇದು ಅರ್ಥವಾದದ್ದು ಆಗುಂಬೆ ಘಾಟಿಯಲ್ಲಿ.

ನನ್ನದು ತೀರ್ಥಹಳ್ಳಿ ಕಡೆಯ ಊರು. ತಿಂಗಳಿಗೊಮ್ಮೆ ಅಮ್ಮನನ್ನು ಘಾಟಿಯ ಕೆಳಗೆ ವೈದ್ಯರ ಬಳಿ ಕರೆದೊಯ್ಯುತ್ತೇನೆ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹೇರ್‌ಪಿನ್ ತಿರುವುಗಳು. ನಮ್ಮದು ಗೇರು ಬದಲಿಸುವ ಹಳೆಯ ಕಾರು. ಅಮ್ಮನಿಗೆ ತಿರುವಿನಲ್ಲಿ ಹೊಟ್ಟೆ ತೊಳೆಸುತ್ತದೆ. ನಾನು ಹೇಗೆ ಓಡಿಸುತ್ತಿದ್ದೇನೆ ಎಂಬುದನ್ನು ಹಿಂದಿನ ಸೀಟಿನಲ್ಲಿರುವ ಅವಳ ಮುಖವೇ ಹೇಳುತ್ತದೆ.

ಘಾಟಿ ಇಳಿಯುವವರಿಗೆ ಒಂದು ಹಳೆಯ ನಿಯಮವಿದೆ: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಕಾರಣ ಸರಳ. ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಎಂಜಿನ್ ಅದಕ್ಕೆ ತಡೆಯೊಡ್ಡುತ್ತದೆ. ಗೇರು ಕೆಳಗಿದ್ದಷ್ಟೂ ತಡೆ ಹೆಚ್ಚು. ಬ್ರೇಕ್ ಮುಟ್ಟದೆಯೇ ಕಾರು ಹಿಡಿತದಲ್ಲಿರುತ್ತದೆ.

ಮೇಲಿನ ಗೇರಿನಲ್ಲೇ ಇಳಿದು ಬ್ರೇಕನ್ನೇ ನೆಚ್ಚಿದರೆ? ಮೊದಲ ತಿರುವುಗಳಲ್ಲಿ ಏನೂ ಗೊತ್ತಾಗುವುದಿಲ್ಲ. ಆದರೆ ಪ್ರತಿ ಸಲ ಒತ್ತಿದಾಗಲೂ ವೇಗವೆಲ್ಲ ಶಾಖವಾಗಿ ಬ್ರೇಕಿನಲ್ಲೇ ಸೇರುತ್ತದೆ. ಪ್ಯಾಡುಗಳು ಕಾದು ಹಿಡಿತ ಸಡಿಲವಾಗುತ್ತದೆ. ಬ್ರೇಕ್ ಎಣ್ಣೆ ಕುದಿದರಂತೂ ಪೆಡಲ್ ಮೆತ್ತಗಾಗಿ ಕೆಳಗಿಳಿದುಬಿಡುತ್ತದೆ. ಬ್ರೇಕ್ ಕೈಕೊಡುವುದು ಅದು ಅತ್ಯಂತ ಬೇಕಾದ ಹೊತ್ತಿನಲ್ಲೇ.

ಪೆಟ್ರೋಲ್ ಉಳಿಯಲೆಂದು ನ್ಯೂಟ್ರಲ್‌ನಲ್ಲಿ ಇಳಿಸುವವರೂ ಇದ್ದಾರೆ. ಆಗ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ಉಳಿಯುವುದು ಬ್ರೇಕ್ ಒಂದೇ. ಇಂದಿನ ಇಂಜೆಕ್ಷನ್ ಕಾರುಗಳು ಗೇರಿನಲ್ಲಿ ಇಳಿಯುವಾಗ ತಾವೇ ಇಂಧನ ನಿಲ್ಲಿಸುತ್ತವೆ, ಹಾಗಾಗಿ ಅದರಿಂದ ಉಳಿತಾಯವೂ ಇಲ್ಲ.

*ಎರಡನೇ ಗೇರು ಸಂವರ. ಬ್ರೇಕ್ ಪಹಾನ.* ಎರಡೂ ಬೇಕು. ಎದುರಿಗೆ ಬಸ್ಸು ಬಂದಾಗ, ರಸ್ತೆಗೆ ಮಂಗ ಹಾರಿದಾಗ ಬ್ರೇಕ್ ಒತ್ತಲೇಬೇಕು. ಗಟ್ಟಿಯಾಗಿ ಒತ್ತಿ, ವೇಗ ಇಳಿದೊಡನೆ ಬಿಡಬೇಕು. ಆದರೆ ಸಂವರವಿಲ್ಲದ ಪಹಾನ ಬೇಗ ದಣಿಯುತ್ತದೆ. ಗೇರು ಇಳಿಸಬೇಕಾದದ್ದು ತಿರುವಿನ ನಡುವೆಯಲ್ಲ, ಇಳಿಜಾರು ಶುರುವಾಗುವ ಮುನ್ನ. ಸೂರ್ಯಾಸ್ತ ನೋಡುವ ಜಾಗ ಬರುವ ಮೊದಲೇ ನನ್ನ ಕಾರು ಎರಡನೇ ಗೇರಿನಲ್ಲಿರುತ್ತದೆ.

ಧಮ್ಮಪದದ ಕ್ರೋಧವರ್ಗದಲ್ಲಿ ಸಿಟ್ಟಿಗೆ ರಥದ ಹೋಲಿಕೆ ಬರುವುದು ಸುಮ್ಮನೆ ಅಲ್ಲ. ನಾವು ಬಹಳ ಮಂದಿ ಸಿಟ್ಟನ್ನು ಬ್ರೇಕಿನಿಂದಲೇ ನಿಲ್ಲಿಸಲು ನೋಡುತ್ತೇವೆ. ಹಲ್ಲು ಕಚ್ಚಿ ಒಂದು ಮಾತು ತಡೆಯುತ್ತೇವೆ, ಎರಡು ತಡೆಯುತ್ತೇವೆ. ಹತ್ತನೆಯ ಮಾತಿಗೆ ಹಿಡಿತ ತಪ್ಪುತ್ತದೆ. ಆಮೇಲೆ "ನನಗೆ ತಾಳ್ಮೆಯೇ ಇಲ್ಲ" ಎನ್ನುತ್ತೇವೆ. ತಾಳ್ಮೆ ಇತ್ತು, ಅದನ್ನು ಕಾಯಿಸಿಬಿಟ್ಟೆವು.

ಈ ವಾರ ನಮ್ಮ ಮನೆಯಲ್ಲಿ ಅಡಿಕೆ ತೋಟದ ಪಾಲಿನ ಮಾತುಕತೆ ಇದೆ. ಅಪ್ಪ ತೀರಿಕೊಂಡ ಮೇಲೆ ಮೊದಲ ಸಲ ತಮ್ಮನೂ ನಾನೂ ಎದುರು ಬದುರು ಕೂರುತ್ತೇವೆ. ಇಳಿಜಾರು ಎಲ್ಲಿದೆ ಎಂದು ನನಗೆ ಗೊತ್ತು: ಅಪ್ಪನ ಕೊನೆಯ ದಿನಗಳಲ್ಲಿ ಯಾರು ನೋಡಿಕೊಂಡರು ಎಂಬ ಮಾತು ಬಂದಾಗ. ಆದ್ದರಿಂದ ಗೇರನ್ನು ಈಗಲೇ ಇಳಿಸುತ್ತಿದ್ದೇನೆ. ಆ ಮಾತನ್ನು ನಾನಾಗಿ ಎತ್ತುವುದಿಲ್ಲ. ಅವನು ಎತ್ತಿದರೆ ಕೊನೆಯವರೆಗೆ ಕೇಳಿ, ಒಂದು ಉಸಿರು ಬಿಟ್ಟು ಉತ್ತರಿಸುತ್ತೇನೆ. ಉಣ್ಣುವ ಹೊತ್ತು ಮೀರಿ ಎಳೆಯುವುದಿಲ್ಲ. ತಮ್ಮ ಹೇಗೆ ಮಾತನಾಡುತ್ತಾನೋ ಅದು ನನ್ನ ಕೈಯಲ್ಲಿಲ್ಲ. ನನ್ನ ವೇಗ ನನ್ನ ಕೈಯಲ್ಲಿದೆ. ಅಲ್ಲಿಯೂ ಅಮ್ಮ ಹಿಂದೆ ಕುಳಿತು ಕೇಳುತ್ತಿರುತ್ತಾಳೆ.

ಉಳಿದ ಎರಡೂ ಘಾಟಿಯಲ್ಲೇ ಇವೆ. ಇಕ್ಕಟ್ಟಿನ ಬೆಟ್ಟದ ರಸ್ತೆಯಲ್ಲಿ ಹತ್ತುವ ವಾಹನಕ್ಕೆ ಮೊದಲ ದಾರಿ ಬಿಡಬೇಕೆಂಬುದು ಕಾನೂನು. ಏಕೆಂದರೆ ಏರಿನಲ್ಲಿ ನಿಂತು ಮತ್ತೆ ಹೊರಡುವುದು ಕಷ್ಟ. ಹೆಚ್ಚು ಭಾರ ಹೊತ್ತವರಿಗೆ ದಾರಿ ಬಿಡುವ ಈ ಗುಣವನ್ನು ಮನಸ್ಸಿನಲ್ಲೂ ಬೆಳೆಸುವುದು ಭಾವನಾ. ಇನ್ನು ಕೊನೆಯ ತಿರುವು ದಾಟಿ ಸೋಮೇಶ್ವರ ಹತ್ತಿರವಾದಾಗ "ಇನ್ನೇನು ಮುಗಿಯಿತು" ಎಂದು ಕೈ ಸಡಿಲಿಸದೆ, ಇಳಿಜಾರು ಮುಗಿಯುವ ತನಕ ಅದೇ ಗೇರಿನಲ್ಲಿರುವುದು ಅನುರಕ್ಖಣಾ.

*ಇಂದಿನ ಅಭ್ಯಾಸ:* ಇಂದು ನಿಮ್ಮ ದಾರಿಯಲ್ಲಿರುವ ಒಂದು ಇಳಿಜಾರನ್ನು ಬೆಳಿಗ್ಗೆಯೇ ಗುರುತಿಸಿ. ಒಬ್ಬ ವ್ಯಕ್ತಿ ಇರಬಹುದು, ಒಂದು ಫೋನ್ ಕರೆ ಇರಬಹುದು. ಅಲ್ಲಿ ನಿಮ್ಮ ಎರಡನೇ ಗೇರು ಯಾವುದೆಂದು ಮೊದಲೇ ನಿಶ್ಚಯಿಸಿಕೊಳ್ಳಿ. ರಾತ್ರಿ ಮಲಗುವ ಮುನ್ನ ಎರಡು ನಿಮಿಷ ಕುಳಿತು ನೋಡಿ: ಬ್ರೇಕ್ ಎಷ್ಟು ಸಲ ಬೇಕಾಯಿತು?

ಎಲ್ಲ ಜೀವಿಗಳೂ ಸುರಕ್ಷಿತವಾಗಿ ಮನೆ ಸೇರಲಿ.
ಸಾಧು ಸಾಧು ಸಾಧು 🙏