ಇಗ್ನಿಟರ್ ಬದಲಿಸುವ ಮುಂಚೆ

ತಮ್ಮಾ, ಅಡಿಕೆ ಅಂಗಳದ ಸೋಡಿಯಂ ಲೈಟು ರಿಪೇರಿಗೆ ಹೊರಟಿದ್ದೀಯಂತೆ, ಹೊಸ ಇಗ್ನಿಟರನ್ನೂ ತಂದಿಟ್ಟುಕೊಂಡಿದ್ದೀಯಂತೆ. ಒಳ್ಳೆಯದು. ಆದರೆ ಅದನ್ನು ಜೋಡಿಸುವ ಮುಂಚೆ ಹಳೆಯದು ಯಾಕೆ ಹೋಯಿತು ಅನ್ನುವುದನ್ನು ಹುಡುಕು. ಕಾರಣ ಹಾಗೇ ಉಳಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಟ್ಯೂಬ್‌ಲೈಟಿಗೆ ಸ್ಟಾರ್ಟರ್ ಇದ್ದ ಹಾಗೆ ಈ ದೀಪಕ್ಕೆ ಇಗ್ನಿಟರ್. ಸೋಡಿಯಂ ಬಲ್ಬು ಬರೀ 230 ವೋಲ್ಟಿಗೆ ಹೊತ್ತಿಕೊಳ್ಳುವುದಿಲ್ಲ. ಶುರುವಿನಲ್ಲಿ ಅದಕ್ಕೆ ಸಾವಿರಾರು ವೋಲ್ಟಿನ ಹೊಡೆತ ಬೇಕು. ಇಗ್ನಿಟರ್ ಅದನ್ನು ಕೊಟ್ಟು, ಬಲ್ಬು ಹೊತ್ತಿದ ಮೇಲೆ ಸುಮ್ಮನಾಗುತ್ತದೆ. ಆಮೇಲೆ ಕರೆಂಟನ್ನು ಹಿಡಿತದಲ್ಲಿಡುವುದು ಚೋಕಿನ ಕೆಲಸ. ಬಲ್ಬು ಹೊತ್ತದೇ ಹೋದರೆ ಸಾದಾ ಇಗ್ನಿಟರ್ ರಾತ್ರಿಯಿಡೀ ಹೊಡೆಯುತ್ತಲೇ ಇದ್ದು ಕೊನೆಗೆ ಸುಟ್ಟುಹೋಗುತ್ತದೆ.

ನಾನು ಒಂದೇ ಮಳೆಗಾಲದಲ್ಲಿ ಒಂದು ಗೋದಾಮಿನ ದೀಪಕ್ಕೆ ಎರಡು ಇಗ್ನಿಟರ್ ಹಾಕಿದ್ದೆ. ಮೂರನೆಯ ಸಲ ಸಂಜೆ ಹೋಗಿ, ಕಂಬದ ಕೆಳಗೆ ಕೂತು ನೋಡಿದೆ. ದೀಪ ಮಂಕಾಗಿ ಹೊತ್ತಿತು, ಹಳದಿಗೆ ತಿರುಗಿತು, ಪೂರ್ತಿ ಬೆಳಗುವಷ್ಟರಲ್ಲಿ ಆರಿತು. ತಣ್ಣಗಾದ ಮೇಲೆ ಮತ್ತೆ ಹೊತ್ತಿತು, ಮತ್ತೆ ಆರಿತು. ತಪ್ಪು ಬಲ್ಬಿನದಾಗಿತ್ತು. ಸೋಡಿಯಂ ಬಲ್ಬಿಗೆ ವಯಸ್ಸಾದ ಹಾಗೆ ಅದು ಕೇಳುವ ವೋಲ್ಟೇಜು ಏರುತ್ತದೆ. ಅಷ್ಟು ಸಿಗದಾದಾಗ ಆರಿಹೋಗುತ್ತದೆ. ಪ್ರತಿ ಸಲ ಅದನ್ನು ಎಬ್ಬಿಸುವ ಭಾರ ಇಗ್ನಿಟರಿನ ಮೇಲೆ.

ಹಾಗಾಗಿ ಮೊದಲು ಅಷ್ಟೇ ವ್ಯಾಟಿನ, ಸರಿ ಇದೆ ಅಂತ ಗೊತ್ತಿರುವ ಬಲ್ಬು ಹಾಕಿ ನೋಡು. ಹಗಲು ಹೊತ್ತಾದರೆ, ಕತ್ತಲಾದಾಗ ದೀಪ ಹೊತ್ತಿಸುವ ಸೆನ್ಸರಿಗೆ ದಪ್ಪ ಕಪ್ಪು ಬಟ್ಟೆ ಮುಚ್ಚು. ಆರಿದ ದೀಪ ತಣ್ಣಗಾಗಲು ಕೆಲವು ನಿಮಿಷ ಬಿಡು. ಆಗಲೂ ಹೊತ್ತದಿದ್ದರೆ ಫಿಟಿಂಗ್ ಬಿಚ್ಚು. ಗಾಜಿನ ಸುತ್ತಲಿನ ರಬ್ಬರು ಒಡೆದಿದೆಯೇ, ಒಳಗೆ ನೀರಿನ ಕಲೆ ಇದೆಯೇ, ಇರುವೆ ಗೂಡು ಕಟ್ಟಿದೆಯೇ ನೋಡು. ಹೋಲ್ಡರಿನ ನಡುವಿನ ಪಾಯಿಂಟು ಕಪ್ಪಾಗಿದ್ದರೆ, ಒತ್ತಿದಾಗ ಸ್ಪ್ರಿಂಗು ಮೇಲೆ ಬರದಿದ್ದರೆ, ಹೋಲ್ಡರನ್ನೇ ಬದಲಿಸು.

ಆಮೇಲೆ ಇಗ್ನಿಟರ್ ಬಿಚ್ಚಿಟ್ಟು, ಮೇನ್ ಆನ್ ಮಾಡಿ, ಚೋಕಿನಿಂದ ಹೊರಬರುವ ವೈರಿಗೂ ನ್ಯೂಟ್ರಲ್ಲಿಗೂ ಮೀಟರ್ ಹಿಡಿ. ಲೈನಿನ ವೋಲ್ಟೇಜೇ ಬಂದರೆ ಚೋಕಿನ ಸುತ್ತು ತುಂಡಾಗಿಲ್ಲ. ಬಲ್ಬು, ಹೋಲ್ಡರ್, ಚೋಕು ಮೂರೂ ಸರಿಯಿದ್ದರೆ ಮಾತ್ರ ಇಗ್ನಿಟರಿಗೆ ಕೈ ಹಾಕು. ಹೊಸದರ ಮೈಮೇಲೆ ಅಚ್ಚಾಗಿರುವ ವ್ಯಾಟನ್ನೂ ವೈರಿಂಗ್ ಚಿತ್ರವನ್ನೂ ಓದಿಯೇ ಜೋಡಿಸು. ಬಲ್ಬಿಗೆ ಹೋಗುವ ವೈರು ಹೋಲ್ಡರಿನ ನಡುವಿನ ಪಾಯಿಂಟಿಗೇ ಸೇರಲಿ. ಇಗ್ನಿಟರ್ ಲೈನಿನಲ್ಲಿರುವಾಗ ಹೋಲ್ಡರಿಗೆ ಮೀಟರ್ ಹಿಡಿಯಲೇಬೇಡ, ಆ ಹೊಡೆತಕ್ಕೆ ಮೀಟರೂ ಉಳಿಯದು, ಕೈಗೂ ಅಪಾಯ. ಮುಂದೆ ಯಾರಾದರೂ ಅದೇ ಫಿಟಿಂಗಿಗೆ ಎಲ್‌ಇಡಿ ಬಲ್ಬು ಹಾಕಿಸಿದರೆ, ಇಗ್ನಿಟರನ್ನು ಲೈನಿನಿಂದ ತೆಗೆದುಬಿಡು. ಇಲ್ಲದಿದ್ದರೆ ಎಲ್‌ಇಡಿ ಹಾಳಾಗುತ್ತದೆ.

ಇನ್ನೊಂದು ಮಾತು. ಸೆನ್ಸರ್ ಆರಿಸಿದ ಮಾತ್ರಕ್ಕೆ ಲೈನಿನಲ್ಲಿ ಕರೆಂಟು ಹೋಯಿತು ಅಂತಲ್ಲ. ಬಿಚ್ಚುವ, ಜೋಡಿಸುವ ಮುಂಚೆ ಪ್ರತಿ ಸಲ ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೋ, ಟೆಸ್ಟರ್ ಹಿಡಿದು ಖಾತ್ರಿ ಮಾಡಿಕೋ. ಆಮೇಲೂ ಫಿಟಿಂಗಿನ ಕೆಪಾಸಿಟರಿನಲ್ಲಿ ಚಾರ್ಜು ಉಳಿದಿರಬಹುದು. ಐದು ನಿಮಿಷ ಕಾದು, ಟೆಸ್ಟ್ ಲ್ಯಾಂಪ್ ಮುಟ್ಟಿಸಿ ಖಾಲಿ ಮಾಡು. ಮೇಲೆ ನಿಂತವನಿಗೆ ಸಣ್ಣ ಶಾಕ್ ಹೊಡೆದರೂ ಸಾಕು, ಏಣಿಯಿಂದ ಬೀಳುತ್ತಾನೆ. ಏಣಿ ಹಿಡಿಯಲು ಕೆಳಗೆ ಒಬ್ಬರು ಇರಲೇಬೇಕು.

ಒಂದು ರಾತ್ರಿ ದೀಪ ಇಲ್ಲದಿದ್ದರೆ ಅಡಿಕೆ ಕಾಯುವವರು ಟಾರ್ಚು ಹಿಡಿದು ಕಾಯುತ್ತಾರೆ. ಮಳೆ ಬರುತ್ತಿದ್ದರೆ ನಾಳೆ ಹೋಗು. ಅವಸರ ಬೇಡ ತಮ್ಮಾ.